ರಾಶಿ ಮಷಿನ್ ಎಳೆದ ಜೀಪು

ಎಂಬತ್ತರ ದಶಕದಲ್ಲಿ ನಿಂಬರ್ಗಾದಲ್ಲಿ ನಾನೂ ನನ್ನ ಗಂಡನೂ ತೊಗರಿ ರಾಶಿ ಮಾಡುವ, ಅಂದರೆ ಗಿಡ ಬಡಿದು ಕಾಳು ಬೇರೆ ಮಾಡುವ ಮಷಿನ್ ಇಟ್ಟುಕೊಂಡಿದ್ದೆವು. ಸುಗ್ಗಿಯಲ್ಲಿ ಅದನ್ನು ಊರಿಂದೂರಿಗೆ ಎಳೆದೊಯ್ಯಲು ಬೇರೆಯವರ ಟ್ರ್ಯಾಕ್ಟರಿಗಾಗಿ ಕಾಯಬೇಕಿತ್ತು. ಅದು ಸಿಗುವ ಹೊತ್ತಿಗೆ ಕಣದವರು ಬೇರೆ ಮಷಿನ್ ಕರೆಸಿರುತ್ತಿದ್ದರು. ಬೇಸತ್ತು, ಒಂದು ಹಳೆಯ ಡೀಸೆಲ್ ಜೀಪು ಕೊಳ್ಳಲು ಹೊರಟೆವು.

ಅಫಜಲಪುರದಾಚೆ ಮಣ್ಣೂರಿನಲ್ಲಿ ವಯಸ್ಸಾದ ಚಾಚಾ ಒಬ್ಬರು ತಮ್ಮ ಜೀಪು ಮಾರುವವರಿದ್ದರು. ಹೊಸ ಬಣ್ಣ ನೋಡಿಯೇ ನನ್ನ ಗಂಡ ಮನಸೋತ. ನಾನು ಬಾನೆಟ್ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು.

"ನಾವು ಬರೂಕ ಮೊದ್ಲೇ ಚಾಲೂ ಮಾಡೀರೇನ್ರಿ ಚಾಚಾ?"

"ಹೌದವ್ವಾ. ಥಂಡಿ ಇದ್ದಾಗ ಜರಾ ಹಠ ಮಾಡ್ತದ."

"ಹಂಗಾದ್ರ ಆರಲಿ. ಆಮ್ಯಾಲ ನೋಡೋಣ್ರಿ."

ಅವರು ನಕ್ಕು ಚಹಾ ತರಿಸಿದರು. ತಣ್ಣಗಾದ ಇಂಜಿನ್ ಕೆಮ್ಮಿ ಕೆಮ್ಮಿ ಚಾಲೂ ಆಯಿತು. ಹೊಗೆ ಸ್ವಲ್ಪದರಲ್ಲೇ ತಿಳಿಯಾಯಿತು. ಆದರೆ ಕಲ್ಲು ತುಂಬಿದ ಟ್ರೇಲರ್ ಕಟ್ಟಿ ಭೀಮಾ ದಂಡೆಯ ಏರು ಹತ್ತಿಸಿದಾಗ ಇಂಜಿನ್ ಅರಚಿತೇ ಹೊರತು ಗಾಡಿ ಮುಂದೆ ಸರಿಯಲಿಲ್ಲ. ಕ್ಲಚ್ ಸವೆದಿತ್ತು. ಹೊಸದು ಹಾಕಿಸಿಕೊಡುತ್ತೇನೆಂದ ಚಾಚಾ ಮಾತಿಗೆ ತಪ್ಪಲಿಲ್ಲ. ಜೀಪು ನಮ್ಮದಾಯಿತು.

ದಿನಾ ಬೆಳಿಗ್ಗೆ ಆಯಿಲ್, ನೀರು ನೋಡುವುದು ನನ್ನ ಪಾಲಿಗೆ ಬಂತು. ತೊಗರಿ ಹೊಟ್ಟು ರೇಡಿಯೇಟರಿಗೆ ಅಂಟಿ ಇಂಜಿನ್ ಕಾಯುತ್ತಿತ್ತು. ಕಸಬರಿಗೆ ಕಡ್ಡಿಯಿಂದ ಕೆದಕಿ ತೆಗೆಯುತ್ತಿದ್ದೆ. ಏರು ಬಂದಲ್ಲಿ ಇಳಿದು, ಮಷಿನ್ ಹಿಂದಕ್ಕೆ ಸರಿದರೆ ಗಾಲಿಗೆ ಅಡ್ಡ ಕೊಡಲು ಜಾಲಿಮರದ ದಿಮ್ಮಿ ಹಿಡಿದು ಮಷಿನ್ ಪಕ್ಕ ನಡೆಯುತ್ತಿದ್ದೆ. "ಹೆಂಡ್ತೀನ ನಡಿಸ್ಕೋತ ತಾ ಗಾಡ್ಯಾಗ ಕುಂತಾನ" ಎಂದು ಜನ ನನ್ನ ಗಂಡನನ್ನು ಕಾಡುತ್ತಿದ್ದರು.

ಒಮ್ಮೆ ಜೇವರ್ಗಿ ಕಡೆ ಹೋಗುವಾಗ ಹಳ್ಳದ ಏರಿನಲ್ಲಿ ಮಷಿನ್ ಕಟ್ಟಿದ ಕೊಂಡಿಯ ಪಿನ್ ಮುರಿಯಿತು. ಜೀಪು ಮುಂದಕ್ಕೆ ಜಿಗಿಯಿತು. ಮಷಿನ್ ಹಿಂದಕ್ಕೆ ಉರುಳತೊಡಗಿತು. ಹಿಂದೆ ಹತ್ತಿ ತುಂಬಿದ ಬಂಡಿ ಬರುತ್ತಿತ್ತು, ಅದರ ಮೇಲೆ ಕೂಸನ್ನೆತ್ತಿಕೊಂಡ ಹೆಂಗಸು. ನಾನು ದಿಮ್ಮಿಯನ್ನು ಗಾಲಿಯ ಹಿಂದೆ ಒಗೆದೆ. ಜಾರಿತು. ಮತ್ತೆ ಎಳೆದುಕೊಂಡು ಗಾಲಿಯ ಕೆಳಗೆ ಕಾಲಿನಿಂದ ಒತ್ತಿದೆ. ಗಾಲಿ ದಿಮ್ಮಿಯನ್ನು ಅರ್ಧ ಏರಿ ನಿಂತಿತು.

ಗಂಡ ಓಡಿಬಂದ. "ಕಾಲು ಛಲೋ ಅದ ಇಲ್ಲೋ?"

"ಅದ. ಮೊದ್ಲ ಕಲ್ಲು ತರ್ರಿ."

ಅವನೂ ಬಂಡಿಯವನೂ ಗಾಲಿಗಳಿಗೆ ಕಲ್ಲು ಕೊಟ್ಟರು. ಆಮೇಲೆಯೇ ನಾನು ದಾರಿಯ ಪಕ್ಕ ಕುಳಿತುಬಿಟ್ಟೆ. ಆ ಹೆಂಗಸು ಬಂಡಿಯಿಂದಿಳಿದು, ತನ್ನ ಕೂಸನ್ನು ನನ್ನ ತೊಡೆಯ ಮೇಲಿಟ್ಟು ನೀರು ತರಲು ಹೋದಳು.

ಮುಂದಿನ ಊರಿನ ಕಮ್ಮಾರನ ಹತ್ತಿರ ದಪ್ಪ ಪಿನ್ ಮಾಡಿಸಿದೆವು, ಜೊತೆಗೊಂದು ಸರಪಳಿ ಬಿಗಿಸಿದೆವು. ಅಲ್ಲಿಂದ ಹೊರಡುವಾಗ ಗಂಡ ಸ್ಟೀರಿಂಗ್ ಕಡೆ ಕೈ ತೋರಿಸಿದ.

"ನೀ ಕೂಡು ಬೇ. ಗೇರ್ ಹೆಂಗ ಹಾಕೂದು ಹೇಳ್ತೇನಿ."

ಬಯಲಿನಲ್ಲಿ ಆ ದಿನ ಗಾಡಿ ಬಹಳ ಸಲ ಬಂದ್ ಆಯಿತು. ಅವನು ಬೈಯಲಿಲ್ಲ. ಆ ಸುಗ್ಗಿ ಮುಗಿಯುವಷ್ಟರಲ್ಲಿ ಮಷಿನ್ ಕಟ್ಟಿಕೊಂಡು ಆಳಂದದವರೆಗೆ ನಾನೇ ಓಡಿಸಿಕೊಂಡು ಬಂದೆ.