ಭಾರ ಎಳೆಯಬೇಕು, ಬೆನ್ನೂ ಉಳಿಯಬೇಕು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗೋದಾಮುಗಳ ಹಿಂದಿನ ಓಣಿಯ ಕೊನೆಯ ಶೆಡ್ಡಿನಲ್ಲಿ ಬೂದುಬಣ್ಣದ ದೊಡ್ಡ ಪಿಕಪ್ಪೊಂದು ನಾಲ್ಕೂ ಚಕ್ರ ಕಳಚಿಕೊಂಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿದೆ. ಅದರ ಹೊಟ್ಟೆಯ ಕೆಳಗಿನಿಂದ ಸವೆದ ಚಪ್ಪಲಿ ಹಾಕಿದ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿವೆ. ಒಳಗಿನಿಂದ ಸಣ್ಣ ಸುತ್ತಿಗೆಯ ಸದ್ದು. ಟಣ್. ಟಣ್. ಥಪ್.

"ಥಪ್ ಅಂದಿದ್ದು ಕೇಳಿಸ್ತಾ ಮೇಡಂ? ಅದು ಒಳಗೆ ಸೀಳಿದೆ. ಕಣ್ಣಿಗೆ ಇನ್ನೂ ಕಾಣಲ್ಲ, ಕಿವಿಗೆ ಆಗ್ಲೇ ಕಾಣುತ್ತೆ" ಎನ್ನುತ್ತವೆ ಪಾದಗಳು, ಪತ್ರಿಕೆಗೆ ಬರೆಯಲೆಂದು ಬಂದ ನನಗೆ.

ಪಾದಗಳ ಯಜಮಾನರನ್ನು ಓಣಿಯವರೆಲ್ಲ ಬ್ಲೇಡಣ್ಣ ಎನ್ನುತ್ತಾರೆ. ಹೆಸರು ಕೇಳಿ ನುಣ್ಣಗೆ ಕ್ಷೌರ ಮಾಡಿಕೊಂಡ ಮುಖ ಕಲ್ಪಿಸಿಕೊಳ್ಳಬೇಡಿ. ಇವರ ಬ್ಲೇಡುಗಳೇ ಬೇರೆ. ಗಾಡಿಯ ಹಿಂಬದಿಯಲ್ಲಿ ಒಂದರ ಮೇಲೊಂದು ಕೂತು, ಬಿಲ್ಲಿನಂತೆ ಬಾಗಿ, ಮೇಲಿನ ಭಾರವನ್ನೆಲ್ಲ ಹೊರುತ್ತವಲ್ಲ, ಆ ಉಕ್ಕಿನ ಪಟ್ಟಿಗಳು. ಸದ್ದು ಕೇಳಿ ಅವುಗಳ ಆರೋಗ್ಯ ಹೇಳಬೇಕಾದ್ದರಿಂದ ಓಣಿ ಏಳುವ ಮೊದಲೇ ಇವರು ಕೆಲಸಕ್ಕೆ ಇಳಿಯುತ್ತಾರೆ. ಎಂಟು ಗಂಟೆಯಾದರೆ ಹಾರನ್ನುಗಳ ಗಲಾಟೆಯಲ್ಲಿ ಟಣ್ಣೂ ಒಂದೇ, ಥಪ್ಪೂ ಒಂದೇ.

ಹದಿನೈದನೇ ವಯಸ್ಸಿಗೆ ಲಾರಿ ಶೆಡ್ಡೊಂದರಲ್ಲಿ ತಿದಿ ಒತ್ತಲು ಸೇರಿದವರಿಗೆ ಈಗ ಐವತ್ತಾರು. ಒಮ್ಮೆ ಬಿಗಿದಿದ್ದ ಪಟ್ಟಿಯೊಂದು ಬೋಲ್ಟು ಕಿತ್ತುಕೊಂಡು ಚಿಮ್ಮಿ ಎಡಭುಜದ ಮೂಳೆ ಮುರಿದಿದೆ. ಆ ಕೈ ಇಂದಿಗೂ ಕಿವಿಗಿಂತ ಮೇಲೆ ಏಳುವುದಿಲ್ಲ. ನಲವತ್ತು ಕಿಲೋ ತೂಗುವ ಬ್ಲೇಡ್ ಸೆಟ್ಟನ್ನು ಎದೆಗೆ ಒರಗಿಸಿಕೊಂಡು, ಬಲಗೈಯಲ್ಲಿ ಅಪ್ಪಿ ಎತ್ತುತ್ತಾರೆ. ದಿನಕ್ಕೆ ಎರಡು ಗಾಡಿ, ಹಬೆಯಾಡುವ ಚಹಾ ಐದು ಲೋಟ, ಮಧ್ಯಾಹ್ನ ಬೆಂಚಿನ ಮೇಲೆ ಅರ್ಧ ಗಂಟೆ ನಿದ್ದೆ. ಮಾತು ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ.

ಇಂದು ಮೇಲೇರಿ ನಿಂತಿರುವ ಗಾಡಿ ಗಿರಾಕಿಯದಲ್ಲ, ಹೆಂಡತಿಯದು.

ಆಕೆ ಡ್ರೈವರ್. ಆಸ್ಪತ್ರೆಯೊಂದರ ಎಕ್ಸ್‌ರೇ ಟ್ರೇಲರನ್ನು ಈ ಪಿಕಪ್ಪಿಗೆ ಕಟ್ಟಿಕೊಂಡು ಗುಡ್ಡದಾಚೆಯ ಊರುಗಳಿಗೆ ಎಳೆದೊಯ್ಯುತ್ತಾರೆ. ಕೆಮ್ಮು ಬಿಡದವರು, ಎದೆನೋವಿನವರು, ಆಸ್ಪತ್ರೆಯವರೆಗೆ ಬರಲಾಗದ ಮುದುಕರು ಅಲ್ಲಿ ಸಾಲು ನಿಂತಿರುತ್ತಾರೆ. ಟ್ರೇಲರಿನ ಗೋಡೆಯೊಳಗೆಲ್ಲ ಸೀಸದ ಹಾಳೆ. ನೋಡಲು ಐಸ್‌ಕ್ರೀಂ ಗಾಡಿಯಷ್ಟಿದ್ದರೂ ತೂಕದಲ್ಲಿ ಆನೆಮರಿ. ದಾರಿ ಎಂದರೆ ಹೆಸರಿಗೆ ದಾರಿ, ಉಳಿದದ್ದೆಲ್ಲ ಕಲ್ಲು. ತಿಂಗಳಲ್ಲಿ ನಾಲ್ಕೈದು ದಿನ ಆಕೆ ಮನೆಯಲ್ಲಿದ್ದರೆ ಅದೇ ದೊಡ್ಡದು.

ಕಳೆದ ಎರಡು ವರ್ಷದಿಂದ ಆಕೆಯ ಬೆನ್ನು ಮುಷ್ಕರ ಹೂಡಿದೆ. ಭಾರದ ಗಾಡಿಯ ಬ್ಲೇಡುಗಳು ಗಡಸು. ಪ್ರತಿ ಕಲ್ಲಿನ ಸಮಾಚಾರವೂ ನೇರ ಸೊಂಟಕ್ಕೆ ತಲುಪುತ್ತದೆ. ಗಾಡಿಯಾದರೂ ಬದಲಾಗಬೇಕು, ಇಲ್ಲವೇ ಕೆಲಸವಾದರೂ ಬದಲಾಗಬೇಕು ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ಮೊನ್ನೆ ಸಂಜೆ ಮನೆಗೆ ಬಂದ ಆಕೆ ಬೀಗದ ಕೈಯನ್ನು ಗಂಡನ ಅಂಗೈಗಿಟ್ಟು ಒಂದೇ ಮಾತು ಆಡಿದ್ದಾರೆ: "ಎಳೆಯೋ ಶಕ್ತಿ ಕಮ್ಮಿ ಆಗದ ಹಾಗೆ ಮೆತ್ತಗೆ ಮಾಡೋಕಾಗುತ್ತಾ ನೋಡಿ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಈ ಸಲ ಕೆಲಸ ಬಿಟ್ಟುಬಿಡ್ತೀನಿ."

ಇದನ್ನು ಹೇಳುವಾಗ ಬ್ಲೇಡಣ್ಣ ಗಾಡಿಯ ಕೆಳಗಿನಿಂದ ಹೊರಬಂದು, ನೆಲದ ಮೇಲೆಯೇ ಕೂತು, ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತಾರೆ. ಎಲ್ಲ ಬೆರಳೂ ಒರೆಸಿಯಾದ ಮೇಲೆ ಮತ್ತೆ ಮೊದಲಿನಿಂದ ಒರೆಸುತ್ತಾರೆ.

"ಆಗಲ್ಲ ಅಂತ ಒಂದು ಮಾತು ಮೇಡಂ. ಅಷ್ಟೇ ಸಾಕಿತ್ತು. ನಾಳೆಯಿಂದ ಮನೇಲಿರ್ತಿದ್ಲು. ನಾನು ಹೇಳಿದ್ರೆ ಅವಳು ಇನ್ನೊಬ್ರನ್ನ ಕೇಳೋಳೂ ಅಲ್ಲ. ರಾತ್ರಿ ಊಟಕ್ಕೆ ಕೂತಾಗೂ ನಾಲಿಗೆ ತುದೀಲೇ ಇತ್ತು."

ಮತ್ತೆ ಏನು ಹೇಳಿದಿರಿ?

"ಆಗುತ್ತೆ ಅಂದೆ. ಆಗುತ್ತಲ್ಲ ಮತ್ತೆ. ಆಗೋದನ್ನ ಆಗಲ್ಲ ಅಂತ ಹೇಗೆ ಹೇಳ್ಲಿ?"

ಮೇಲಿನ ಮಾಳಿಗೆಯ ಕಿಟಕಿಯಿಂದ ಒಂದು ನಗು ಕೇಳುತ್ತದೆ. ಅದು ಅತ್ತೆಯದು, ಅಂದರೆ ಹೆಂಡತಿಯ ತಾಯಿಯದು. ಶೆಡ್ಡಿನ ಮೇಲಿನ ಎರಡು ಕೋಣೆಯ ಮನೆಯಲ್ಲಿ ಮಗಳಿಗಿಂತ ಹೆಚ್ಚು ದಿನ ಅಳಿಯನ ಜೊತೆಗೇ ಕಳೆದವರು. "ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಳ್ಳೋರು ಅಂದ್ರೆ ನಮ್ಮ ಅಳಿಯಂದಿರು ನೋಡಮ್ಮ" ಎಂದು ನನಗೆ ಹೇಳಿ, ಬಟ್ಟೆ ಹಿಂಡುವುದನ್ನು ಮುಂದುವರಿಸುತ್ತಾರೆ. "ಒಂದು ದಿಂಬು ಹಾಕ್ಕೊಂಡು ಕೂತ್ಕೋ ಅಂದ್ರೆ ಮಗಳು ಕೇಳಲ್ಲ. ಬಾಯಿ ಮುಚ್ಕೊಂಡಿರಿ ಅಂದ್ರೆ ಇವರು ಕೇಳಲ್ಲ."

ಈ ಮನೆಯಲ್ಲಿ ಬ್ಲೇಡು ಒಮ್ಮೆ ಕೈಕೊಟ್ಟಿದೆ. ಬೆನ್ನುನೋವು ಶುರುವಾದ ಹೊಸತರಲ್ಲಿ ಬ್ಲೇಡಣ್ಣ ಹೆಂಡತಿಗೆ ಹೇಳದೆ ಸೆಟ್ಟಿನಿಂದ ಎರಡು ಪಟ್ಟಿ ತೆಗೆದುಬಿಟ್ಟಿದ್ದರು. ಗಾಡಿ ತೊಟ್ಟಿಲಾಯಿತು. ಆದರೆ ಟ್ರೇಲರ್ ಕಟ್ಟಿದ ಕೂಡಲೇ ಹಿಂಬದಿ ಕುಸಿದು ಮೂತಿ ಮೇಲೆದ್ದಿತು. ಹೆಡ್‌ಲೈಟು ರಸ್ತೆ ಬಿಟ್ಟು ಮರದ ತುದಿಗೆ ಬೆಳಕು ಬಿಡತೊಡಗಿತು. ಮುಂದಿನ ಚಕ್ರಕ್ಕೆ ನೆಲದ ಹಿಡಿತ ತಪ್ಪಿ, ಇಳಿಜಾರಿನಲ್ಲಿ ಟ್ರೇಲರು ಬಾಲದಂತೆ ಬೀಸಿತು; ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆಕೆ ಆಮೆವೇಗದಲ್ಲಿ ವಾಪಸ್ ಬಂದು ಇಳಿದರು, ಬೈಯಲೂ ಇಲ್ಲ.

"ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ ಬ್ಲೇಡಣ್ಣ. "'ಬೆನ್ನು ನನ್ನದೊಬ್ಬಳದು ರೀ, ರಸ್ತೆ ಎಲ್ಲರದು' ಅಂದ್ಲು. ಪ್ರೀತಿ ಜಾಸ್ತಿ ಆಗಿ ಪಟ್ಟಿ ಕಮ್ಮಿ ಮಾಡಿದ್ದೆ ನಾನು. ಕಬ್ಬಿಣಕ್ಕೆ ಅದೆಲ್ಲ ಅರ್ಥ ಆಗಲ್ಲ."

ಆರಾಮ ಒಂದು ಕಡೆ, ಎಳೆತ ಇನ್ನೊಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಗಾದೆಯನ್ನು ಗಾಡಿಯ ಕೆಳಗೆ ಮಲಗಿ ಯಾರೋ ಕಟ್ಟಿರಬೇಕು ಎನ್ನಿಸುತ್ತದೆ. ಈ ಬಾರಿ ಬ್ಲೇಡಣ್ಣ ಎರಡನ್ನೂ ಒಂದೇ ನೊಗಕ್ಕೆ ಕಟ್ಟಲು ಹೊರಟಿದ್ದಾರೆ. ಹಳೆಯ ದಪ್ಪ ಪಟ್ಟಿಗಳ ಬದಲು ತೆಳುವಾದ, ಉದ್ದನೆಯ ಪಟ್ಟಿಗಳು ಮೇಲೆ; ಕಲ್ಲು ಬಂದರೆ ಬಾಗುವುದು ಅವುಗಳ ಕೆಲಸ. ಎಲ್ಲಕ್ಕಿಂತ ಕೆಳಗೆ, ಒಂದು ಬೆರಳು ಸಂದು ಬಿಟ್ಟು, ಒಂದು ಗಡಸು ಪಟ್ಟಿ. ಟ್ರೇಲರಿನ ಭಾರ ಬಿದ್ದು ಮೇಲಿನವು ಇಳಿದಾಗ ಮಾತ್ರ ಅದು ಹೆಗಲು ಕೊಡುತ್ತದೆ. ಎಣ್ಣೆ ಸೋರುತ್ತಿದ್ದ ಶಾಕ್ ಅಬ್ಸಾರ್ಬರುಗಳ ಜಾಗಕ್ಕೆ ಹೊಸವು ಬರುತ್ತವೆ.

ಹತ್ತು ಗಂಟೆಗೆ ಟೈರ್ ಅಂಗಡಿಯವರು ತಮ್ಮ ತಳ್ಳುಗಾಡಿಯಲ್ಲಿ ಟೈರು ಉರುಳಿಸಿಕೊಂಡು ಬರುತ್ತಾರೆ. ಅವರು ತೋರಿಸುವುದು ಮಂಡಿಗಿಂತ ಎತ್ತರದ, ಮೊಸಳೆ ಬೆನ್ನಿನಂಥ ಟೈರುಗಳನ್ನು. ಈಗ ಎಲ್ಲರೂ ಇದನ್ನೇ ಕೇಳುತ್ತಾರಂತೆ, ಗಾಡಿ ಹುಲಿಯ ಹಾಗೆ ಕಾಣುತ್ತದಂತೆ.

"ಮೂಗಿಗಿಂತ ಮೂಗುತಿ ಭಾರ" ಎನ್ನುತ್ತಾರೆ ಬ್ಲೇಡಣ್ಣ. "ಅಷ್ಟು ದೊಡ್ಡದು ಹಾಕಿದ್ರೆ ಎಂಜಿನ್ನಿನ ಶಕ್ತಿಯೆಲ್ಲ ಚಕ್ರ ತಿರುಗಿಸೋಕೇ ಹೋಗುತ್ತೆ. ಏರು ಹತ್ತೋದು ಯಾರು? ಬ್ರೇಕ್ ಹಿಡಿಯೋದು ಯಾರು? ಒಂದೇ ಒಂದು ಸೈಜ್ ದೊಡ್ಡದು ಕೊಡಿ, ಪಕ್ಕದ ಗೋಡೆ ಗಟ್ಟಿ ಇರೋದು. ಮೊದಲು ಎಷ್ಟು ಭಾರ ತಡೆಯುತ್ತೆ ಅನ್ನೋ ನಂಬರ್ ತೋರ್ಸಿ."

"ಚಂದ ಬೇಡ್ವಾ ಅಣ್ಣ?"

"ಚಂದ ಡ್ರೈವರ್ ಸೀಟಲ್ಲಿದೆ, ಸಾಕು."

ಟೈರ್ ಅಂಗಡಿಯವರು ನಕ್ಕು ಮೊಸಳೆಗಳನ್ನು ವಾಪಸ್ ಉರುಳಿಸುತ್ತಾರೆ. ಮಾಳಿಗೆಯ ಮೇಲಿಂದ ಬಟ್ಟೆ ಹಿಂಡುವ ಸದ್ದು ಒಂದು ಕ್ಷಣ ನಿಲ್ಲುತ್ತದೆ. ಬ್ಲೇಡಣ್ಣನ ಕಿವಿ ಕೆಂಪಾಗಿರುವುದು ನನಗೆ ಕಾಣುತ್ತದೆ.

ಸಂಜೆಯ ಹೊತ್ತಿಗೆ ಗಾಡಿ ತನ್ನ ಕಾಲ ಮೇಲೆ ನಿಲ್ಲುತ್ತದೆ. ಮೊದಲಿಗಿಂತ ಮೂರು ಬೆರಳು ಎತ್ತರ. ಹಾಗಾಗಿ ಟ್ರೇಲರ್ ಸಿಕ್ಕಿಸುವ ಕೊಕ್ಕೆಯನ್ನು ಅಷ್ಟೇ ಕೆಳಗೆ ಇಳಿಸಿ ಕೂರಿಸಿದ್ದಾರೆ. ಇಲ್ಲದಿದ್ದರೆ ಟ್ರೇಲರಿನ ಮೂತಿ ಮೇಲೆದ್ದು ಅದು ಮತ್ತೆ ಬಾಲ ಬೀಸುತ್ತದೆ. ಆಗ ಮೆಟ್ಟಿಲಿಳಿದು ಡ್ರೈವರಮ್ಮ ಬರುತ್ತಾರೆ. ಗಿಡ್ಡ ಕೂದಲು, ತೋಳು ಮಡಿಸಿದ ಅಂಗಿ, ಎಡಗೈ ಅಭ್ಯಾಸಬಲದಿಂದ ಸೊಂಟದ ಮೇಲೆ. ಗಾಡಿಯನ್ನು ಒಂದು ಸುತ್ತು ಹಾಕಿ ನೋಡುತ್ತಾರೆ. ಟ್ರೇಲರ್ ಕಟ್ಟಿಕೊಂಡು, ಗೋದಾಮುಗಳ ಹಿಂದಿನ ಹಾಳು ರಸ್ತೆಗೆ ಹೊರಡುತ್ತಾರೆ.

ಬ್ಲೇಡಣ್ಣ ಪಕ್ಕದಲ್ಲಿ ಕೂರುವುದಿಲ್ಲ. ಹೊರಗೆ ನಿಂತು ಹಿಂಬದಿ ನೋಡಬೇಕಂತೆ. ನಾವಿಬ್ಬರೂ ರಸ್ತೆಯ ತುದಿಯಲ್ಲಿ ಕಾಯುತ್ತೇವೆ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಇವರು ಕಿವಿಯನ್ನು ರಸ್ತೆಯ ಕಡೆ ತಿರುಗಿಸಿ ನಿಲ್ಲುತ್ತಾರೆ.

ಗಾಡಿ ಮರಳುತ್ತದೆ. ಬಾಗಿಲು ತೆರೆಯುತ್ತದೆ. ಬಾಗಿಲ ಚೌಕಟ್ಟು ಹಿಡಿದು, ಒಂದು ಕಾಲು ಇಟ್ಟು, ತಡೆದು, ಇನ್ನೊಂದು ಕಾಲು ಇಡುವುದು ಆಕೆಯ ರೂಢಿಯಂತೆ. ಇಂದು ಸೀದಾ ಇಳಿಯುತ್ತಾರೆ, ಎರಡೂ ಕೈ ಖಾಲಿ.

"ಇನ್ನು ಹತ್ತು ವರ್ಷ ಓಡಿಸ್ಬಹುದು ರೀ" ಎನ್ನುತ್ತಾರೆ. ಮುಖವೆಲ್ಲ ಹಿಗ್ಗು.

"ಹತ್ತು ಯಾಕೆ, ಹದಿನೈದು ಓಡ್ಸು" ಎನ್ನುತ್ತಾರೆ ಗಂಡ. ಆ ದನಿಯಲ್ಲಿ ಸಂತೋಷವೆಷ್ಟು, ಸಂಕಟವೆಷ್ಟು ಎಂದು ಬೇರ್ಪಡಿಸಲು ನನ್ನಿಂದಾಗುವುದಿಲ್ಲ. ಎರಡೂ ಇರುವುದು ಮಾತ್ರ ನಿಜ. ಸಂಕಟ ನನಗೂ ಆಗುತ್ತದೆ.

ಮರುದಿನ ಬೆಳಿಗ್ಗೆ ಆಕೆ ಹೊರಡುವ ಹೊತ್ತಿಗೆ ಸರಿಯಾಗಿ ಮತ್ತೆ ಹೋಗುತ್ತೇನೆ. ಬ್ಲೇಡಣ್ಣ ಗಡ್ಡ ಬೋಳಿಸಿಕೊಂಡಿದ್ದಾರೆ. ಹೊರಡುವ ದಿನ ಬೋಳಿಸಿಕೊಂಡು ಏನು ಪ್ರಯೋಜನ ಎಂದು ಅತ್ತೆ ಛೇಡಿಸುತ್ತಿದ್ದಾರೆ. ಬುತ್ತಿ, ನೀರಿನ ಕ್ಯಾನು, ಹೊದಿಕೆ ಗಾಡಿಗೆ ಏರಿವೆ. ಕೊನೆಯಲ್ಲಿ ಬ್ಲೇಡಣ್ಣ ಮೊಳದುದ್ದದ ಸ್ಪ್ಯಾನರೊಂದನ್ನು ಸೀಟಿನ ಹಿಂದಿನ ಪೆಟ್ಟಿಗೆಗೆ ಹಾಕುತ್ತಾರೆ. ಹೊಸ ಬ್ಲೇಡು ಒಂದು ವಾರ ಓಡಿದ ಮೇಲೆ ತನ್ನ ಜಾಗದಲ್ಲಿ ಕೂರುತ್ತದೆ, ಆಗ ಅದನ್ನು ಕಟ್ಟಿ ಹಿಡಿದ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು, ಎಷ್ಟು ಬಿಗಿ ಎಂದು ಆಕೆಗೆ ಕಲಿಸಿದ್ದೇನೆ ಎಂದು ನನಗೆ ವಿವರಿಸುತ್ತಾರೆ.

ಡ್ರೈವರಮ್ಮ ಆ ಸ್ಪ್ಯಾನರನ್ನು ಹೊರಗೆ ತೆಗೆದು ಗಂಡನ ಕೈಗೆ ಕೊಡುತ್ತಾರೆ.

"ಇದು ಇಲ್ಲೇ ಇರ್ಲಿ. ವಾರ ಆದ್ಮೇಲೆ ಬರ್ತೀನಿ. ನೀವೇ ಬಿಗಿ ಮಾಡಿ."

"ನಿನ್ನ ಪಾಳಿ ಇಪ್ಪತ್ತೈದು ದಿನ ಅಲ್ವೇನೇ?"

"ಗಾಡಿ ಕೆಲಸ ಇದೆ ಅಂತ ಹೇಳಿದೀನಿ. ಸುಳ್ಳೇನಲ್ವಲ್ಲ."

ಗಾಡಿ ಹೊರಡುತ್ತದೆ. ಹೆಂಡತಿ ಹೊರಟರೆ ಬೇರೆ ಗಂಡಂದಿರು ಮುಖ ನೋಡುತ್ತಾರೇನೋ, ಇವರು ಹಿಂಬದಿ ಚಕ್ರ ನೋಡುತ್ತಾರೆ. ಪಿಕಪ್ಪೂ ಟ್ರೇಲರೂ ಒಂದೇ ಗೆರೆಯಲ್ಲಿ ಸಮವಾಗಿ ಸಾಗುತ್ತವೆ. ರಸ್ತೆಯುಬ್ಬಿನ ಮೇಲೆ ಮೆಲ್ಲಗೆ ಏರಿ, ಮೆಲ್ಲಗೆ ಇಳಿದು, ಮುಖ್ಯ ರಸ್ತೆಗೆ ತಿರುಗುತ್ತವೆ.

"ಮುಂಚೆ ಅವಳು ಹೊರಟ್ರೆ ಎರಡು ಕೆಲಸ ಇರೋದು ಮೇಡಂ, ಹೆದರೋದು, ಕಾಯೋದು. ಇವತ್ತು ಹೆದರೋ ಕೆಲಸ ಮುಗಿಸಿದೀನಿ" ಎನ್ನುತ್ತಾರೆ.

ನಮ್ಮ ಕಸುಬಿನ ಪದ್ಧತಿಯಂತೆ ಕೊನೆಯ ಪ್ರಶ್ನೆ ಕೇಳುತ್ತೇನೆ. ಮುಂದಿನ ಆಸೆ ಏನು? ದೊಡ್ಡ ಶೆಡ್ಡು, ಹೊಸ ಯಂತ್ರ, ಏನಾದರೂ?

ಬ್ಲೇಡಣ್ಣ ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಾರೆ. ಖಾಲಿ ರಸ್ತೆ ನೋಡುತ್ತಾರೆ.

"ಆಸೆ ಅಂತ ಏನಿಲ್ಲ. ವಾರಕ್ಕೆ ಸರಿಯಾಗಿ ಬರ್ಲಿ. ತಡ ಆದ್ರೆ ಬೋಲ್ಟಿಗೆ ಒಳ್ಳೇದಲ್ಲ."