ಪೂಜೆಯಿಂದ ಎತ್ತಿದ ಕಂಪ್ಯೂಟರ್

ಮೊನ್ನೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ರಿಪೇರಿ ಅಂಗಡಿ ದಾಟುವಾಗ ಬಿಸಿ ಧೂಳಿನ ವಾಸನೆ ಬಂತು. ಹಳೇ ಕಂಪ್ಯೂಟರ್ ಬಹಳ ಹೊತ್ತು ಓಡಿದರೆ ಬರುವ ವಾಸನೆ. ಆಗ ನಮ್ಮ ಮೇಲಿನ ಮನೆಯಲ್ಲಿದ್ದ ಯಜಮಾನರು ನೆನಪಾದರು...

ಕೊರೊನಾ ವರ್ಷ. ನನ್ನ ಗಂಡ ನವಿ ಮುಂಬಯಿಯ ಆಸ್ಪತ್ರೆಯಲ್ಲಿದ್ದರು. ಅವರಿಗೆ ಕಿವಿ ಕೇಳದು; ತುಟಿ ನೋಡಿಯೇ ಮಾತು ತಿಳಿಯುವವರು. ಅಲ್ಲಿ ಎಲ್ಲರ ಬಾಯಿಗೂ ಬಟ್ಟೆ. ಯಾರು ಏನು ಹೇಳಿದರೂ ತಿಳಿಯದೆ ಆಕ್ಸಿಜನ್ ಮಾಸ್ಕನ್ನು ಕಿತ್ತು ಎಸೆಯುತ್ತಿದ್ದರು. "ಸಂಜೆ ವಿಡಿಯೋ ಕಾಲ್ ಮಾಡಿಸುತ್ತೇನೆ, ನೀವೇ ಹೇಳಿ. ಹೀಗೇ ಮಾಡಿದರೆ ಉಳಿಯುವುದಿಲ್ಲ" ಎಂದು ಡಾಕ್ಟರ್ ಫೋನಿನಲ್ಲಿ ಹೇಳಿದ್ದರು.

ಮಧ್ಯಾಹ್ನ ನೆಟ್ ಹೋಯಿತು. ಮೇಲಿನ ಮನೆಯ ನೆಟ್ಟನ್ನೇ ನಾವೂ ಬಳಸುತ್ತಿದ್ದೆವು. ಅದನ್ನು ಹಂಚುವ ರೌಟರ್ ಡಬ್ಬಿ ಸುಟ್ಟಿತ್ತು. ಬಿಲ್ಡಿಂಗಿಗೆ ಸೀಲ್ ಹಾಕಿದ್ದರು, ಹೊಸತು ತರುವವರಿಲ್ಲ. ನಮ್ಮ ಕೆಳಗಿನ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಾಲದು, ಬರಿಯ ಅದರಲ್ಲಿ ವಿಡಿಯೋ ಮಾಡಿದರೆ ಮುಖ ಕಾಣುತ್ತಿರಲಿಲ್ಲ.

ಅಂದು ಆಯುಧ ಪೂಜೆ. ಮೇಲಿನ ಮನೆಯವರು ಸ್ಕ್ರೂಡ್ರೈವರ್, ಹಳೇ ಕಂಪ್ಯೂಟರ್ ಎಲ್ಲವನ್ನೂ ದೇವರ ಮುಂದಿಟ್ಟು ಹೂ ಏರಿಸಿದ್ದರು. ಹಾಗೆ ಇಟ್ಟದ್ದನ್ನು ದಶಮಿಯವರೆಗೆ ಮುಟ್ಟುವಂತಿಲ್ಲ. ಸಂಜೆಯ ಕಾಲಿನ ವಿಷಯ ಅವರಿಗೆ ಹೇಳಿ ಬಂದು ನಮ್ಮ ಬಾಗಿಲಲ್ಲಿ ನಿಂತಿದ್ದ ನನಗೆ ಅವರ ಹೆಂಡತಿಯ ದನಿ ಕೇಳಿತು.

"ಪೂಜೆಗೆ ಇಟ್ಟದ್ದನ್ನು ಎತ್ತುದಾ? ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ?"

"ಕೆಳಗಿನ ಅಕ್ಕನ ಗಂಡ ದಶಮಿವರೆಗೆ ಕಾಯ್ತಾರಾ? ಕೇಳಿ ನೋಡು."

"ನಿಮಗೆ ಎಂತಾದ್ರೂ ಆದ್ರೆ?"

"ಆದ್ರೆ ಟಿವಿ ರಿಮೋಟ್ ನಿನಗೇ."

ಆಮೇಲೆ ಕೇಳಿದ್ದು ಕಂಪ್ಯೂಟರಿನ ತಗಡು ಬಿಚ್ಚುವ ಸದ್ದು... ಬಿಸಿಲು ಇಳಿಯುತ್ತ ಬಂತು. ಅವರು ಮೆಟ್ಟಿಲ ತಿರುವಿಗೆ ಬಂದರು, ಅಂಗಿಯ ಮೇಲೆಲ್ಲ ಕುಂಕುಮ.

"ಆ ಹಳೇ ಕಂಪ್ಯೂಟರನ್ನೇ ರೌಟರ್ ಮಾಡಿದ್ದೇನೆ ಅಕ್ಕ. ತಂತಿಯಲ್ಲಿ ನೆಟ್ ಒಳಗೆ, ಆಂಟೆನಾದಲ್ಲಿ ಹೊರಗೆ. ಅದರ ಸಾಫ್ಟ್‌ವೇರ್ ಧರ್ಮಕ್ಕೆ ಸಿಗ್ತದೆ, ಯಾರು ಬೇಕಾದ್ರೂ ಬಿಚ್ಚಿ ತಿದ್ದಬಹುದು."

"ಪಾಠ ಬೇಡ. ನೆಟ್ ಬಂತಾ?"

"ಇಲ್ಲ" ಎಂದು ಮತ್ತೆ ಮೇಲಕ್ಕೆ ಓಡಿದರು.

ನಾನು ಫೋನನ್ನೇ ನೋಡುತ್ತ ನಿಂತೆ. ನೆಟ್ಟಿನ ಗೆರೆಗಳು ಬಂದವು, ಹೋದವು. ಡಾಕ್ಟರು ಹೇಳಿದ ಹೊತ್ತು ದಾಟಿತು. ಮತ್ತೆ ಗೆರೆಗಳು ಬಂದವು. ಫೋನು ಬಡಿದುಕೊಂಡಿತು.

ಇವರ ಮುಖ ಕಂಡಿತು. ತುಟಿ ನೀಲಿ. ಅಳಲಿಲ್ಲ, ಬೈದೆ. "ಅದನ್ನು ಕಿತ್ತರೆ ನಿಮಗೂ ನನಗೂ ಆಯ್ತು, ಮನೆಗೆ ಬರುವುದೇ ಬೇಡ!" ನನ್ನ ತುಟಿ ನೋಡುತ್ತಲೇ ಇದ್ದರು. ನರ್ಸ್ ಮಾಸ್ಕ್ ಹಾಕಿದಳು. ಕೈ ಎತ್ತಿದರು... ಕೀಳಲಿಲ್ಲ, ಸರಿ ಮಾಡಿಕೊಂಡರು.

ಇವರು ಮನೆಗೆ ಬಂದರು. ಮೇಲಿನ ಮನೆಯವರು ಮುಂದಿನ ನವಮಿ ಕಾಣಲಿಲ್ಲ. ಎದೆನೋವು ಎಂದರು, ಅಷ್ಟೇ. ಪೂಜೆಗೂ ಅದಕ್ಕೂ ಸಂಬಂಧವಿಲ್ಲ. ಪೂಜೆ ಕೆಡಿಸಿದ ದೋಷ ಎಂಬುದನ್ನೆಲ್ಲ ನಾನು ನಂಬುವವಳಲ್ಲ. ಅವರ ಹೆಂಡತಿ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಜಗಳವಾದರೂ ಆಡುತ್ತಿದ್ದೆ.

ಆಕೆ ಈಗ ನೆರೂಳಿನಲ್ಲಿ ಮಗಳ ಜೊತೆ ಇದ್ದಾಳೆ. ಆಗಾಗ ಫೋನು ಮಾಡಿ ಮೊದಲು ಕೇಳುವುದು, "ಅಣ್ಣ ಹೇಗಿದ್ದಾರೆ?" ಇವರು ಪಕ್ಕದಲ್ಲೇ ಕೂತು ಊಟ ಮಾಡುತ್ತಿರುತ್ತಾರೆ. ಚೆನ್ನಾಗಿದ್ದಾರೆ ಎನ್ನಲು ನನಗೆ ಬಾಯಿ ಬರುವುದಿಲ್ಲ.