ಭಾನುವಾರದ ಗರಗಸ

ಹೈನೋನಂಥ ಶಿಸ್ತಿನ ಮನುಷ್ಯ ನಮ್ಮ ಕೋಸ್‌ಫೆಲ್ಡ್ ಊರಲ್ಲೇ ಇನ್ನೊಬ್ಬನಿಲ್ಲ. ಭಾನುವಾರ ಸದ್ದಿನ ಕೆಲಸ ಮಾಡಬಾರದು ಎಂಬುದು ನಮ್ಮಲ್ಲಿ ಕಾನೂನು; ಆ ದಿನ ಯಾರ ಮನೆಯಲ್ಲಾದರೂ ಡ್ರಿಲ್ ಸದ್ದು ಕೇಳಿದರೆ ಬೇಲಿಯ ಹತ್ತಿರ ಬಂದು, ಇವತ್ತು ಯಾವ ವಾರ ಅಂತ ಬಹಳ ವಿನಯದಿಂದ ಕೇಳುವವನು ಅವನೇ. ಪಕ್ಕದ ಮನೆಯವನಾದ ನನ್ನನ್ನೂ ಕೇಳಿದ್ದ, ಯಃಕಶ್ಚಿತ್ ಒಂದು ಮೊಳೆ ಹೊಡೆದದ್ದಕ್ಕೆ. ಆ ಸಿಟ್ಟು ನನಗೆ ಬಹಳ ದಿನ ಇತ್ತು.

ಇಂಥವನು ನೀರು ಸರಬರಾಜಿನ ಕೆಲಸದಿಂದ ನಿವೃತ್ತನಾದ ವರ್ಷ ಒಂದು ಹಳೇ ವ್ಯಾನು ಎಳೆಸಿಕೊಂಡು ಬಂದ. ಒಲೆ, ಮೇಜು, ಹಾಸಿಗೆ ಎಲ್ಲ ಒಳಗೇ ಇರುವ ಮನೆಗಾಡಿ. ಛಾವಣಿ ಸೋರಿ ಮರವೆಲ್ಲ ಲಡ್ಡಾಗಿತ್ತು. ಹೆಂಡತಿ ರೋಸ್ವಿಟಾ ಒಂದು ಸುತ್ತು ಬಂದು, ಇದನ್ನು ಮಾರಿದವನೇ ನಿನಗೆ ದುಡ್ಡು ಕೊಡಬೇಕಿತ್ತು ಎಂದಳಂತೆ. ಹಾಗೆಂದವಳೇ ಮರುದಿನ ಗಂಡನ ಪಕ್ಕ ಕೂತು ಕಪಾಟಿನ ಬಾಗಿಲು ಉಜ್ಜುತ್ತಿದ್ದಳು.

ನಮ್ಮಲ್ಲಿ ಮೂವತ್ತು ವರ್ಷ ದಾಟಿದ ಗಾಡಿ ಮೊದಲಿದ್ದ ಹಾಗೇ ಉಳಿದಿದ್ದರೆ, ಪರೀಕ್ಷೆ ಮಾಡಿ ಪಾರಂಪರಿಕ ವಾಹನದ ನಂಬರ್ ಪ್ಲೇಟ್ ಕೊಡುತ್ತಾರೆ. ಹೈನೋಗೆ ಅದೇ ಹುಚ್ಚು. ಒಂದು ಹಿಡಿಕೆ ಮುರಿದರೆ ಅಂಥದ್ದೇ ಹಿಡಿಕೆಗಾಗಿ ಗುಜರಿಯೆಲ್ಲ ಅಲೆಯುತ್ತಿದ್ದ. ಕಿತ್ತಳೆ ಹೂವಿನ ಪರದೆ ಬಟ್ಟೆಗೆ ರೋಸ್ವಿಟಾ ಹಳೇ ಸಾಮಾನಿನ ಸಂತೆಗಳನ್ನು ಜಾಲಾಡಿದಳು. ದಿನವಿಡೀ ಜಗಳ, ಸಂಜೆ ಒಟ್ಟಿಗೆ ಬಿಯರ್. ನೋಡಿದರೆ ಹೊಟ್ಟೆಕಿಚ್ಚಾಗುವಂತಿದ್ದರು.

ನಾಲ್ಕನೇ ಚಳಿಗಾಲದಲ್ಲಿ ರೋಸ್ವಿಟಾಳ ಸೊಂಟದ ಕೀಲು ಬದಲಾಯಿಸಿದರು. ಗಾಡಿಯಲ್ಲಿ ಮಲಗುವ ಜಾಗವೋ ಡ್ರೈವರ್ ತಲೆಯ ಮೇಲಿನ ಅಟ್ಟ, ಏಣಿ ಹತ್ತಬೇಕು. ಅವಳಿಗೆ ಆಗದು. ಕೆಳಗೆ ಹಾಸಿಗೆ ಮಾಡಬೇಕೆಂದರೆ ಮೂಲದ ಮೇಜು, ಬೆಂಚು ಕೀಳಬೇಕು. ಕಿತ್ತರೆ ಪ್ಲೇಟಿನ ಆಸೆ ಬಿಟ್ಟಂತೆಯೇ. ಇಬ್ಬರೂ ಆ ಮಾತೆತ್ತಲಿಲ್ಲ. ಅವಳು ತಾನು ಮಲಗದ ಹಾಸಿಗೆಗೆ ಹೊದಿಕೆ ಹೊಲಿಯುತ್ತಲೇ ಇದ್ದಳು.

ಪರೀಕ್ಷೆ ಒಂದು ಸೋಮವಾರಕ್ಕೆ ಗೊತ್ತಾಯಿತು. ಹಿಂದಿನ ದಿನ ಊಟಕ್ಕೆ ಕೂತಾಗ, ಗಾಡಿ ಸಿದ್ಧವಾದ ಮೇಲೆ ಸಮುದ್ರಕ್ಕೆ ಹೋಗೋಣ ಅಂದುಕೊಂಡಿದ್ದೆವಲ್ಲ, ನೀನೊಬ್ಬನೇ ಹೋಗಿ ಬಾ, ನಾನು ಮನೆಯಲ್ಲಿರುತ್ತೇನೆ ಎಂದಳಂತೆ. ಹೈನೋ ತಟ್ಟೆಯಲ್ಲಿದ್ದ ಆಲೂಗಡ್ಡೆ ಮುಗಿಸಿ ಎದ್ದು ಹೋದನಂತೆ. ಇದೆಲ್ಲ ಆಮೇಲೆ ಅವಳೇ ಹೇಳಿದ್ದು.

ನನಗೆ ಕೇಳಿಸಿದ್ದು ಗರಗಸದ ಸದ್ದು. ಭಾನುವಾರ ಮಧ್ಯಾಹ್ನ, ಬೀದಿಯೆಲ್ಲ ಕಾಫಿ ಕೇಕಿಗೆ ಕೂತ ಹೊತ್ತು! ಕಳ್ಳ ಕೈಗೆ ಸಿಕ್ಕ ಎಂಬ ಖುಷಿಯಲ್ಲಿ ಬೇಲಿಗೆ ಓಡಿದೆ.

"ಹೈನೋ, ಇವತ್ತು ಯಾವ ವಾರ?"

ಅವನು ತಲೆಯೆತ್ತಲಿಲ್ಲ. ಮೇಜು ಎರಡು ತುಂಡಾಗಿ ಹುಲ್ಲಿನ ಮೇಲೆ ಬಿದ್ದಿತ್ತು.

"ನಾಳೆ ಪರೀಕ್ಷೆ ಅಲ್ವೇನಯ್ಯಾ?"

"ಹೋಗಲ್ಲ. ಗಾಡಿಗೆ ವಯಸ್ಸಾಗಿದೆ ಅಂತ ಮುದ್ರೆ ಒತ್ತಿಸ್ಕೊಳ್ಳೋಕೆ ನಾಲ್ಕು ವರ್ಷ ಒದ್ದಾಡಿದೆ. ಪಕ್ಕದಲ್ಲಿದ್ದವಳಿಗೆ ವಯಸ್ಸಾಗಿದ್ದು ಕಾಣ್ಲೇ ಇಲ್ಲ. ಸುಮ್ನೆ ನಿಂತ್ಕೋಬೇಡ, ಹಲಗೆ ಹಿಡಿ."

ಬೇಲಿ ದಾಟಿ ಹೋಗಿ ಹಿಡಿದೆ. ಎದುರು ಮನೆಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ನೋಡಿಕೊಳ್ಳಲಿ.

ಹಲಗೆ ಕೂರಿಸುವ ಹೊತ್ತಿಗೆ ರೋಸ್ವಿಟಾ ಊರುಗೋಲು ಹಿಡಿದು ಬಂದಳು. ಮರ್ಯಾದೆ ಕಳೆದೆಯಲ್ಲೋ ಎಂದು ಶುರು ಮಾಡಿದವಳು ತುಂಡಾದ ಮೇಜನ್ನು ಕಂಡಳು. ಮೆಲ್ಲಗೆ ಗಾಡಿ ಹತ್ತಿ, ಬರೀ ಹಲಗೆಯ ಮೇಲೆ ಕಾಲು ಚಾಚಿ ಮಲಗಿ ನೋಡಿದಳು.

"ಅಗಲ ಸಾಲ್ದು."

"ನಿನಗೆ ಧಾರಾಳ ಆಗತ್ತೆ. ನಾನು ಮೇಲೆ ಅಟ್ಟದಲ್ಲಿ ಮಲಗ್ತೀನಿ."

"ನಲವತ್ತು ವರ್ಷದಿಂದ ಕಿವಿ ಪಕ್ಕದಲ್ಲೇ ಗೊರಕೆ ಹೊಡೆದಿದೀಯ. ಈಗ ಅಷ್ಟು ದೂರ ಹೋದ್ರೆ ನನಗೆ ನಿದ್ದೆ ಬರತ್ತಾ? ಇನ್ನೊಂದು ಹಲಗೆ ಹಾಕು."

ಹೈನೋ ಮುಖ ತಿರುಗಿಸಿಕೊಂಡು ಮತ್ತೆ ಗರಗಸ ಎತ್ತಿಕೊಂಡ.